ಜನ ಟೈಪ್ ಮಾಡುವ ದಿನಾಂಕವನ್ನು ಆ್ಯಪ್ ನಂಬುವುದು ಹೇಗೆ?

ಪ್ರಶ್ನೆ: ನಾನು ಪ್ರೋಗ್ರಾಮರ್ ಅಲ್ಲ. ಕೋಡ್ ಹೆಚ್ಚು ಬರೆಯದೆ ಆ್ಯಪ್ ಕಟ್ಟುವ ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ಬಳಸಿ ನಮ್ಮ ತಂಡಕ್ಕೆ ಸಿಬ್ಬಂದಿ ವಿವರ ಮತ್ತು ರಜೆ ಅರ್ಜಿಯ ಆ್ಯಪ್ ಮಾಡಿದ್ದೇನೆ. ಡೇಟಾ ಶೇರ್‌ಪಾಯಿಂಟ್ ಲಿಸ್ಟ್‌ಗೆ (ಆನ್‌ಲೈನ್ ಕೋಷ್ಟಕಕ್ಕೆ) ಹೋಗುತ್ತದೆ. ಹುಟ್ಟಿದ ದಿನ, ರಜೆ ಶುರುವಾಗುವ ದಿನ, ಮುಗಿಯುವ ದಿನ, ಈ ಮೂರನ್ನೂ ಟೆಕ್ಸ್ಟ್ ಬಾಕ್ಸ್‌ನಲ್ಲಿ ಟೈಪ್ ಮಾಡಿಸುತ್ತೇನೆ. ಎರಡು ಅಂಕಿ, ಓರೆಗೆರೆ, ಎರಡು ಅಂಕಿ, ಓರೆಗೆರೆ, ನಾಲ್ಕು ಅಂಕಿ ಇರಲೇಬೇಕು ಎಂದು ಪ್ಯಾಟರ್ನ್ ಚೆಕ್ ಹಾಕಿದ್ದೇನೆ. ಆಮೇಲೆ ಡೇಟ್‌ವ್ಯಾಲ್ಯೂ ಫಂಕ್ಷನ್ ಬಳಸಿ ಅದನ್ನು ದಿನಾಂಕವಾಗಿ ಬದಲಾಯಿಸಿ ಸೇವ್ ಮಾಡುತ್ತೇನೆ. ಆದರೂ ತಪ್ಪುಗಳು ನುಸುಳುತ್ತಿವೆ. ಮಾರ್ಚ್ 5ಕ್ಕೆ ರಜೆ ಕೇಳಿದವರ ಅರ್ಜಿ ಮೇ 3ಕ್ಕೆ ದಾಖಲಾಗಿದೆ. ಕೆಲವರ ದಿನಾಂಕ ಒಂದು ದಿನ ಹಿಂದೆ ಸರಿದಿದೆ. ಎಲ್ಲ ತಪ್ಪನ್ನೂ ಹಿಡಿಯುವ ಒಂದು ಫಾರ್ಮುಲಾ ಕೊಡಬಹುದೇ?

ಉತ್ತರ: ಅಂಥ ಒಂದೇ ಫಾರ್ಮುಲಾ ಇಲ್ಲ. ಕೊಡದಿರುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಮೇ 3 ಎಂಬುದು ಕ್ಯಾಲೆಂಡರ್‌ನಲ್ಲಿರುವ ದಿನವೇ. ಅದು ಮುಂದೆ ಬರುವ ದಿನ, ಆ ದಿನ ರಜೆ ಹಾಕಬಾರದು ಎಂಬ ನಿಯಮವೂ ಇಲ್ಲ. ಯಾವ ಫಾರ್ಮುಲಾ ಕೇಳಿದರೂ "ಸರಿಯಿದೆ" ಎನ್ನುತ್ತದೆ. ತಪ್ಪು ಗೊತ್ತಿರುವುದು ಅರ್ಜಿ ಹಾಕಿದವರಿಗೆ ಮಾತ್ರ.

ಹಾಗಾಗಿ ಒಂದು ದಿನಾಂಕದ ಬಗ್ಗೆ ಮೂರು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಇದು ನಿಜವಾಗಿ ಇರುವ ದಿನವೇ? ಇದು ಅವರು ಹೇಳಬೇಕೆಂದಿದ್ದ ದಿನವೇ? ಈ ಕೆಲಸಕ್ಕೆ ಈ ದಿನ ಹೊಂದುತ್ತದೆಯೇ? ಮೊದಲನೆಯದಕ್ಕೂ ಮೂರನೆಯದಕ್ಕೂ ಫಾರ್ಮುಲಾ ಸಾಕು. ನಡುವಿನದಕ್ಕೆ ಫಾರ್ಮುಲಾ ಸಾಲದು, ಸ್ಕ್ರೀನ್ ಅನ್ನೇ ಬೇರೆ ಥರ ಕಟ್ಟಬೇಕು. ಹೆಚ್ಚಿನವರು ಮೊದಲನೆಯದಕ್ಕೆ ಎಲ್ಲ ಶ್ರಮ ಹಾಕಿ ನಡುವಿನದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಲಿಸ್ಟ್ ಕೆಟ್ಟಿರುವುದು ಅಲ್ಲೇ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಮಾರ್ಚ್ 5 ಮೇ 3 ಆದದ್ದು ಹೇಗೆ

05/03/2024 ಎಂದು ಬರೆದರೆ ದಿನ ಮೊದಲು ಬರೆಯುವವರಿಗೆ ಅದು ಮಾರ್ಚ್ 5. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ಹಾಗಾಗಿ ಅದೇ ಅಂಕಿಗಳು ಅಲ್ಲಿ ಮೇ 3. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿರದ ಸಂಗತಿ ಏನೆಂದರೆ, ನೀವು ಬಳಸಿದ ಡೇಟ್‌ವ್ಯಾಲ್ಯೂ ಫಂಕ್ಷನ್‌ಗೆ ಭಾಷೆ ಯಾವುದು ಎಂದು ಹೇಳದಿದ್ದರೆ ಅದು ಆ ಹೊತ್ತಿನಲ್ಲಿ ಆ್ಯಪ್ ಬಳಸುತ್ತಿರುವವರ ಭಾಷೆಯ ಸೆಟ್ಟಿಂಗ್ ನೋಡಿ ನಿರ್ಧರಿಸುತ್ತದೆ. ಫಾರ್ಮುಲಾ ಒಂದೇ, ಆ್ಯಪ್ ಒಂದೇ, ಟೈಪ್ ಮಾಡಿದ ಅಂಕಿಗಳೂ ಒಂದೇ. ಆದರೂ ಒಬ್ಬರ ಫೋನಿನಲ್ಲಿ ಮಾರ್ಚ್, ಇನ್ನೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಮೇ. ನೀವು ನಿಮ್ಮ ಮೆಷಿನ್‌ನಲ್ಲಿ ಎಷ್ಟು ಸಲ ಟೆಸ್ಟ್ ಮಾಡಿದರೂ ಇದು ಕಾಣಿಸುವುದಿಲ್ಲ.

ಇದು ಎಷ್ಟು ದಿನಗಳಿಗೆ ಅನ್ವಯಿಸುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಪ್ರತಿ ತಿಂಗಳ ಮೊದಲ 12 ದಿನಗಳನ್ನು ಎರಡೂ ಕ್ರಮದಲ್ಲಿ ಓದಬಹುದು. ಒಟ್ಟು 144 ದಿನ. ಅದರಲ್ಲಿ 4/4, 7/7 ಥರದ 12 ದಿನಗಳಿಗೆ ಯಾವ ಕ್ರಮವಾದರೂ ಅರ್ಥ ಒಂದೇ. ಉಳಿದ 132 ದಿನಗಳು ಗೊಂದಲದವು. ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದಿನಾಂಕಗಳು ಸದ್ದಿಲ್ಲದೆ ಬೇರೊಂದು ದಿನವಾಗಬಹುದು. 13ರಿಂದ ಮೇಲಿನ ದಿನಗಳಲ್ಲಿ ಎರರ್ ಬರುತ್ತದೆ, ಏಕೆಂದರೆ 13ನೇ ತಿಂಗಳು ಎಂಬುದು ಇಲ್ಲ.

ಆ ಎರರ್ ಇನ್ನೊಂದು ತೊಂದರೆ ತರುತ್ತದೆ. 25/03/2024 ಎಂದು ಹಾಕಿದವರಿಗೆ "ದಿನಾಂಕ ಸರಿಯಿಲ್ಲ" ಎಂದು ಬಂದರೆ ಅವರು ಏನು ಮಾಡುತ್ತಾರೆ? ಸುಮ್ನೆ ತಿರುಗಿಸಿ 03/25/2024 ಎಂದು ಹಾಕುತ್ತಾರೆ. ಹೋಗುತ್ತದೆ. ಮುಂದಿನ ಸಲ 05/04 ಎಂದು ತಮ್ಮ ಅಭ್ಯಾಸದಂತೆ ಹಾಕುತ್ತಾರೆ. ಅದೂ ಹೋಗುತ್ತದೆ. ಈಗ ಒಬ್ಬರದ್ದೇ ಎರಡು ಅರ್ಜಿಗಳಲ್ಲಿ ಎರಡು ಕ್ರಮ ಸೇರಿಕೊಂಡಿದೆ. "ಇವರ ಸೆಟ್ಟಿಂಗ್ ಅಮೆರಿಕದ್ದು, ಇವರದ್ದನ್ನೆಲ್ಲ ತಿರುಗಿಸಿದರಾಯಿತು" ಎಂದು ನಂತರ ಸರಿಪಡಿಸಲೂ ಆಗುವುದಿಲ್ಲ.

ಎಕ್ಸೆಲ್‌ನಲ್ಲೂ ಇದೇ ಕಥೆ. ದಿನ ಮೊದಲಿರುವ ಫೈಲನ್ನು ತಿಂಗಳು ಮೊದಲಿರುವ ಸೆಟ್ಟಿಂಗ್‌ನ ಕಂಪ್ಯೂಟರ್‌ನಲ್ಲಿ ತೆರೆದರೆ 12ರ ಒಳಗಿನ ದಿನಗಳು ತಿರುಗಿ ದಿನಾಂಕಗಳಾಗುತ್ತವೆ, 13ರಿಂದ ಮೇಲಿನವು ಬರೀ ಟೆಕ್ಸ್ಟ್ ಆಗಿ ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತವೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಬಲಕ್ಕಿರುವವನ್ನೇ ಹೆಚ್ಚು ಅನುಮಾನಿಸಿ. ಎಡಕ್ಕಿರುವವು ಕೊನೇ ಪಕ್ಷ ತಾವು ಅರ್ಥವಾಗಿಲ್ಲ ಎಂದು ತೋರಿಸಿಕೊಳ್ಳುತ್ತಿವೆ.

ಈಗ ಪರಿಹಾರ. ರಜೆಯ ಎರಡು ದಿನಾಂಕಗಳಿಗೆ ಟೆಕ್ಸ್ಟ್ ಬಾಕ್ಸ್ ತೆಗೆದುಹಾಕಿ, ಕ್ಯಾಲೆಂಡರ್ ತೋರಿಸಿ ದಿನ ಆರಿಸಲು ಬಿಡುವ ಡೇಟ್ ಪಿಕರ್ ಇಡಿ. ಇದಕ್ಕಿಂತ ದೊಡ್ಡ ಸುಧಾರಣೆ ಬೇರೆ ಇಲ್ಲ. ರಜೆ ಸಾಮಾನ್ಯವಾಗಿ ಹತ್ತಿರದ ದಿನಗಳದ್ದು, ಕ್ಯಾಲೆಂಡರ್ ನೋಡಿಕೊಂಡೇ ಜನ ಅದನ್ನು ಯೋಚಿಸುತ್ತಾರೆ. ಕ್ಯಾಲೆಂಡರ್‌ನಲ್ಲಿ ಒತ್ತಿದ ದಿನ ನೇರವಾಗಿ ದಿನಾಂಕವಾಗಿಯೇ ಬರುತ್ತದೆ, ಅಕ್ಷರಗಳಿಂದ ಊಹಿಸುವ ಹಂತವೇ ಇರುವುದಿಲ್ಲ. ಪವರ್ ಆ್ಯಪ್ಸ್‌ನ ಕ್ಲಾಸಿಕ್ ಡೇಟ್ ಪಿಕರ್‌ನಲ್ಲಿ ಇಸ್‌ಎಡಿಟಬಲ್ ಎಂಬ ಪ್ರಾಪರ್ಟಿ ಇದೆ. ಅದನ್ನು ಆನ್ ಮಾಡಿದರೆ ಮತ್ತೆ ಟೈಪ್ ಮಾಡುವ ದಾರಿ ತೆರೆಯುತ್ತದೆ, ಹಾಗಾಗಿ ಆಫ್ ಇರಲಿ. ಆದರೆ ಕೀಬೋರ್ಡ್ ಅಥವಾ ಸ್ಕ್ರೀನ್ ರೀಡರ್ ನಂಬಿಕೊಂಡವರಿಗೆ ಕ್ಯಾಲೆಂಡರ್ ಕಷ್ಟವಾಗಬಹುದು. ಅಂಥವರು ನಿಮ್ಮ ತಂಡದಲ್ಲಿದ್ದರೆ ಕೆಳಗೆ ಹೇಳುವ ಮೂರು ಬಾಕ್ಸ್‌ಗಳ ದಾರಿಯನ್ನು ರಜೆಯ ದಿನಾಂಕಕ್ಕೂ ಕೊಡಿ.

ಹುಟ್ಟಿದ ದಿನಕ್ಕೆ ಮಾತ್ರ ಕ್ಯಾಲೆಂಡರ್ ಬೇಡ. ಯಾರಿಗೂ ತಮ್ಮ ಹುಟ್ಟಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಹುಡುಕುವ ಅಗತ್ಯವಿಲ್ಲ, ಅದು ಬಾಯಿಪಾಠ ಇರುತ್ತದೆ. ನಲವತ್ತು ವರ್ಷ ಹಿಂದಕ್ಕೆ ಬಾಣದ ಗುರುತು ಒತ್ತುತ್ತಾ ಹೋಗುವುದು ಹಿಂಸೆ. ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್ ಇಂಥ ನೆನಪಿರುವ ದಿನಾಂಕಗಳಿಗೆ ದಿನ, ತಿಂಗಳು, ವರ್ಷ ಎಂದು ಮೂರು ಬೇರೆ ಬಾಕ್ಸ್ ಇಡಲು ಹೇಳುತ್ತದೆ. ಅದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ. ಪ್ರತಿ ಬಾಕ್ಸ್‌ಗೂ ಹೆಸರು ಇರುವುದರಿಂದ ಕ್ರಮದ ಗೊಂದಲ ಹೋಗುತ್ತದೆ. ತಿಂಗಳಿಗೆ ಡ್ರಾಪ್‌ಡೌನ್ ಇಟ್ಟು ಜನವರಿ, ಫೆಬ್ರವರಿ ಎಂದು ಹೆಸರಲ್ಲೇ ತೋರಿಸಿದರೆ ಇನ್ನೂ ಒಳ್ಳೆಯದು.

ಯಾವುದೋ ಕಾರಣಕ್ಕೆ ಟೆಕ್ಸ್ಟ್ ಬಾಕ್ಸ್ ಇಡಲೇಬೇಕು ಎಂದರೆ ಎರಡು ಕೆಲಸ ಮಾಡಿ. ಡೇಟ್‌ವ್ಯಾಲ್ಯೂ ಫಂಕ್ಷನ್‌ನ ಎರಡನೇ ಜಾಗದಲ್ಲಿ ಭಾಷೆಯ ಟ್ಯಾಗ್ ಬರೆಯಿರಿ. ದಿನ ಮೊದಲು ಬರಬೇಕಾದರೆ ಬ್ರಿಟಿಷ್ ಇಂಗ್ಲಿಷ್‌ನ ಟ್ಯಾಗ್ (en-GB) ಸಾಕು. ಆಗ ಯಾರ ಮೆಷಿನ್ ಆದರೂ ಒಂದೇ ಕ್ರಮದಲ್ಲಿ ಓದುತ್ತದೆ. ಜೊತೆಗೆ ಬಾಕ್ಸ್‌ನ ಮೇಲೆ, ಟೈಪ್ ಮಾಡಿದರೂ ಮಾಯವಾಗದ ಜಾಗದಲ್ಲಿ, "ದಿನ/ತಿಂಗಳು/ವರ್ಷ, ಉದಾಹರಣೆಗೆ 27/03/2024" ಎಂದು ಬರೆಯಿರಿ. ಉದಾಹರಣೆಯಲ್ಲಿ ದಿನ 12ಕ್ಕಿಂತ ದೊಡ್ಡದಿರಲಿ. 05/03/2024 ಎಂಬ ಉದಾಹರಣೆ ಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ, ಅಂದರೆ 2024-03-05, ಡೇಟಾ ಇಡಲು ಮತ್ತು ಕಳಿಸಲು ಅತ್ಯುತ್ತಮ. ಆದರೆ ಜನರಿಂದ ಅದನ್ನೇ ಟೈಪ್ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ರೂಢಿಯಿಲ್ಲದ ಕ್ರಮ ಹೇರಿದರೆ ಹೊಸ ತಪ್ಪುಗಳು ಹುಟ್ಟುತ್ತವೆ.

ಯಾವ ಕಂಟ್ರೋಲ್ ಬಳಸಿದರೂ ಕೊನೆಗೆ ಒಂದು ಸಾಲು ಸೇರಿಸಿ. ಆ್ಯಪ್‌ಗೆ ಅರ್ಥವಾದ ದಿನಾಂಕವನ್ನು ಅಕ್ಷರದಲ್ಲಿ ವಾಪಸ್ ತೋರಿಸಿ: "ಮಂಗಳವಾರ, 5 ಮಾರ್ಚ್ 2024ರಿಂದ ಗುರುವಾರ, 7 ಮಾರ್ಚ್ 2024ರವರೆಗೆ, ಒಟ್ಟು 3 ದಿನ". ತಿಂಗಳ ಹೆಸರಿಗಿಂತ ಹೆಚ್ಚು ಕೆಲಸ ಮಾಡುವುದು ವಾರದ ಹೆಸರು. ಮಂಗಳವಾರ ರಜೆ ಬೇಕಿದ್ದವರಿಗೆ "ಶುಕ್ರವಾರ, 3 ಮೇ" ಎಂದು ಕಂಡರೆ ಕಣ್ಣು ತಕ್ಷಣ ನಿಲ್ಲುತ್ತದೆ. ಟೆಕ್ಸ್ಟ್ ಫಂಕ್ಷನ್‌ಗೆ ವಾರ, ದಿನ, ತಿಂಗಳು, ವರ್ಷದ ಫಾರ್ಮ್ಯಾಟ್ ಕೊಟ್ಟರೆ ಈ ಸಾಲು ತಯಾರು. ಸಬ್‌ಮಿಟ್ ಬಟನ್‌ಗೆ ಅಂಟಿದಂತೆ, ಅದರ ಮೇಲೆಯೇ ಇದನ್ನು ಇಡಿ. ಬೇರೆ ಪಾಪ್‌ಅಪ್‌ನಲ್ಲಿ "ಖಚಿತವೇ?" ಎಂದು ಕೇಳಿದರೆ ಜನ ಓದದೆ ಹೌದು ಒತ್ತುತ್ತಾರೆ.

ಇಲ್ಲದ ದಿನಗಳು

ಪ್ಯಾಟರ್ನ್ ಚೆಕ್ ಅಂಕಿಗಳ ಆಕಾರ ನೋಡುತ್ತದೆ, ಅಷ್ಟೇ. 99/99/9999 ಕೂಡ ನಿಮ್ಮ ಪ್ಯಾಟರ್ನ್ ದಾಟಿ ಹೋಗುತ್ತದೆ. ಪ್ಯಾಟರ್ನ್ ಅನ್ನೇ ಬಿಗಿ ಮಾಡಿ ಫೆಬ್ರವರಿ 29ರವರೆಗೂ ಹಿಡಿಯುವ ಉದ್ದನೆಯ ರೆಜೆಕ್ಸ್ (ಪ್ಯಾಟರ್ನ್ ಬರೆಯುವ ಸಂಕೇತ) ಬರೆಯುವವರಿದ್ದಾರೆ. ಬೇಡ ಅನ್ನುತ್ತೇನೆ. ಆರು ತಿಂಗಳ ನಂತರ ಅದನ್ನು ಓದಿ ತಿದ್ದಲು ನಿಮಗೂ ಆಗುವುದಿಲ್ಲ. ಕ್ಯಾಲೆಂಡರ್‌ನ ಲೆಕ್ಕ ಆ್ಯಪ್‌ಗೆ ಈಗಾಗಲೇ ಗೊತ್ತಿದೆ, ಅದನ್ನೇ ಕೇಳಿ.

ಆದರೆ ಕೇಳುವ ರೀತಿಯಲ್ಲಿ ಒಂದು ಅಪಾಯ ಇದೆ. ಮೂರು ಬಾಕ್ಸ್‌ಗಳ ಅಂಕಿಗಳನ್ನು ಪವರ್ ಆ್ಯಪ್ಸ್‌ನ ಡೇಟ್ ಫಂಕ್ಷನ್‌ಗೆ ಕೊಟ್ಟರೆ ಅದು ಇಲ್ಲದ ದಿನಕ್ಕೆ ಎರರ್ ಕೊಡುವುದಿಲ್ಲ. ಏಪ್ರಿಲ್ 31 ಕೊಟ್ಟರೆ ಮೇ 1 ಮಾಡಿಕೊಡುತ್ತದೆ. 13ನೇ ತಿಂಗಳು ಕೊಟ್ಟರೆ ಮುಂದಿನ ವರ್ಷದ ಜನವರಿಗೆ ಹೋಗುತ್ತದೆ. ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಡೇಟ್ ಕೂಡ ಹೀಗೆಯೇ ಉರುಳುತ್ತದೆ, ಎಕ್ಸೆಲ್‌ನ ಡೇಟ್ ಫಂಕ್ಷನ್ ಸಹ. ತಿಂಗಳು ಕೂಡಿಸಿ ಕಳೆಯುವಾಗ ಈ ಗುಣ ತುಂಬ ಉಪಯೋಗಕ್ಕೆ ಬರುತ್ತದೆ, ಆದರೆ ಪರೀಕ್ಷೆ ಮಾಡುವಾಗ ಮೋಸ ಮಾಡುತ್ತದೆ.

ವರ್ಷದಲ್ಲಿ ಇನ್ನೊಂದು ವಿಚಿತ್ರ ಇದೆ. ಪವರ್ ಆ್ಯಪ್ಸ್‌ನ ಡೇಟ್ ಫಂಕ್ಷನ್‌ಗೆ 0ರಿಂದ 1899ರ ನಡುವಿನ ವರ್ಷ ಕೊಟ್ಟರೆ ಅದಕ್ಕೆ 1900 ಕೂಡಿಸುತ್ತದೆ. 24 ಎಂದು ಹಾಕಿದರೆ 1924. ಒಂದು ಅಂಕಿ ಬಿಟ್ಟುಹೋಗಿ 202 ಎಂದಾದರೆ 2102! ಎಕ್ಸೆಲ್‌ನಲ್ಲಿ ಎರಡಂಕಿಯ ವರ್ಷ ಟೈಪ್ ಮಾಡಿದರೆ ನಿಯಮ ಬೇರೆ. ಒಂದು ಗಡಿಯವರೆಗಿನವನ್ನು 2000ದ ಸಾಲಿಗೆ, ಉಳಿದವನ್ನು 1900ರ ಸಾಲಿಗೆ ಸೇರಿಸುತ್ತದೆ. ಪ್ರತಿ ಉಪಕರಣವೂ ತನ್ನದೇ ಊಹೆ ಮಾಡುವುದರಿಂದ ವರ್ಷಕ್ಕೆ ನಾಲ್ಕು ಅಂಕಿ ಕಡ್ಡಾಯ ಮಾಡಿ. ಇದರಲ್ಲಿ ರಿಯಾಯಿತಿ ಬೇಡ.

ಈ ಅಪಾಯ ತಪ್ಪಿಸುವ ಉಪಾಯ ಸುಲಭ. ಮೂರು ಅಂಕಿಗಳಿಂದ ದಿನಾಂಕ ಕಟ್ಟಿ. ಆ ದಿನಾಂಕದಿಂದ ಡೇ, ಮಂತ್, ಇಯರ್ ಫಂಕ್ಷನ್‌ಗಳ ಮೂಲಕ ಮೂರು ಅಂಕಿ ವಾಪಸ್ ತೆಗೆಯಿರಿ. ಕೊಟ್ಟದ್ದೂ ಬಂದದ್ದೂ ಒಂದೇ ಆಗಿದ್ದರೆ ದಿನ ನಿಜ. ಏಪ್ರಿಲ್ 31 ಕೊಟ್ಟು ಮೇ 1 ಬಂದರೆ ದಿನ ಸುಳ್ಳು. ಅಧಿಕ ವರ್ಷದ ಲೆಕ್ಕ, 30 ದಿನದ ತಿಂಗಳುಗಳು, 13ನೇ ತಿಂಗಳು, 202ನೇ ವರ್ಷ, ಎಲ್ಲವೂ ಈ ಒಂದೇ ಹೋಲಿಕೆಯಲ್ಲಿ ಸಿಕ್ಕಿಬೀಳುತ್ತವೆ. ವಿತ್ ಫಂಕ್ಷನ್ ಬಳಸಿ ಕಟ್ಟಿದ ದಿನಾಂಕಕ್ಕೆ ಒಂದು ಹೆಸರು ಕೊಟ್ಟುಕೊಂಡರೆ ಫಾರ್ಮುಲಾ ಓದಲೂ ಚೆನ್ನಾಗಿರುತ್ತದೆ. ಟೆಕ್ಸ್ಟ್ ಬಾಕ್ಸ್ ಮತ್ತು ಡೇಟ್‌ವ್ಯಾಲ್ಯೂ ದಾರಿ ಹಿಡಿದವರು ಇಫ್‌ಎರರ್ ಬಳಸಿ, ಓದಲಾಗದ ಬರಹಕ್ಕೆ ಖಾಲಿ ಮೌಲ್ಯ ಬರುವಂತೆ ಮಾಡಿಕೊಳ್ಳಬೇಕು.

ಖಾಲಿ ಎಂದಾಗ ನೆನಪಾಯಿತು. ಯಾವ ಹೋಲಿಕೆಗೂ ಮುನ್ನ ಇಸ್‌ಬ್ಲಾಂಕ್ ನೋಡಿ. ಖಾಲಿ ದಿನಾಂಕವನ್ನು ಇನ್ನೊಂದು ದಿನಾಂಕದೊಂದಿಗೆ ಹೋಲಿಸಿದರೆ ಬರುವ ಉತ್ತರ ನೀವು ಎಣಿಸಿದಂತೆ ಇರಬೇಕಿಲ್ಲ. "ಕಡ್ಡಾಯ" ಎಂಬ ಗುರುತಿಲ್ಲದ ಫೀಲ್ಡ್ ಖಾಲಿ ಬಿಟ್ಟರೆ ಅದು ತಪ್ಪಲ್ಲ, ಹಾಗಾಗಿ ಖಾಲಿಗೆ ಬೇರೆ ಸಂದೇಶ, ತಪ್ಪಿಗೆ ಬೇರೆ ಸಂದೇಶ ಇರಲಿ.

ರೆಜೆಕ್ಸ್ ಬಗ್ಗೆ ಕನ್ನಡದಲ್ಲಿ ಕೆಲಸ ಮಾಡುವವರು ತಿಳಿದಿರಬೇಕಾದ ಒಂದು ವಿಷಯ ಉಳಿದಿದೆ. ಕನ್ನಡ ಕೀಬೋರ್ಡ್‌ನಲ್ಲಿ ಕೆಲವರು ೦೫/೦೩/೨೦೨೪ ಎಂದು ಕನ್ನಡ ಅಂಕಿಗಳಲ್ಲೇ ಬರೆಯಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ "ಯಾವುದೇ ಅಂಕಿ" ಎಂಬ ರೆಜೆಕ್ಸ್ ಗುರುತು 0ಯಿಂದ 9ರವರೆಗೆ ಮಾತ್ರ ಒಪ್ಪುತ್ತದೆ. ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ ಡಾಟ್‌ನೆಟ್‌ನಲ್ಲಿ ಅದೇ ಗುರುತು, ಬೇರೆ ಸೆಟ್ಟಿಂಗ್ ಕೊಡದಿದ್ದರೆ, ಯೂನಿಕೋಡ್‌ನ ಎಲ್ಲ ಲಿಪಿಗಳ ಅಂಕಿಗಳನ್ನೂ ಒಪ್ಪುತ್ತದೆ. ಅಂದರೆ ಒಂದು ಕಡೆ ತಿರಸ್ಕಾರ, ಇನ್ನೊಂದು ಕಡೆ ಚೆಕ್ ದಾಟಿ ಮುಂದೆ ಎಲ್ಲೋ ಎರರ್. ಓದುವ ಮೊದಲು ಕನ್ನಡ ಅಂಕಿಗಳನ್ನು ಬದಲಾಯಿಸಿಕೊಳ್ಳಲು ಸಬ್‌ಸ್ಟಿಟ್ಯೂಟ್ ಫಂಕ್ಷನ್ ಸಾಕು. ತಮ್ಮ ಭಾಷೆಯಲ್ಲಿ ಬರೆದವರಿಗೆ "ತಪ್ಪು" ಎಂದು ಹೇಳುವುದಕ್ಕಿಂತ ಇದು ಒಳ್ಳೆಯದಲ್ವಾ?

ಕೆಲಸಕ್ಕೆ ಹೊಂದುವ ದಿನವೇ?

ಇಲ್ಲಿ ನಿಯಮಗಳು ನಿಮ್ಮ ಸಂಸ್ಥೆಯವು, ನಾನು ಹೇಳಬಹುದಾದದ್ದು ಎಲ್ಲಿ ಎಡವುತ್ತಾರೆ ಎಂಬುದು ಮಾತ್ರ.

ಮುಗಿಯುವ ದಿನ ಶುರುವಾಗುವ ದಿನಕ್ಕಿಂತ ಹಿಂದೆ ಇರಬಾರದು. ಆದರೆ ಸಮ ಇರಬಹುದು, ಏಕೆಂದರೆ ಒಂದೇ ದಿನದ ರಜೆ ಎಲ್ಲರೂ ಹಾಕುತ್ತಾರೆ. "ದೊಡ್ಡದು" ಎಂದು ಬರೆದು "ಸಮ" ಬಿಟ್ಟರೆ ಅಂಥ ಅರ್ಜಿಗಳೆಲ್ಲ ನಿಂತುಹೋಗುತ್ತವೆ. ದಿನಗಳ ಲೆಕ್ಕದಲ್ಲೂ ಹಾಗೆಯೇ. ಡೇಟ್‌ಡಿಫ್ 5ರಿಂದ 7ಕ್ಕೆ 2 ಎನ್ನುತ್ತದೆ. ರಜೆ 3 ದಿನದ್ದು, ಹಾಗಾಗಿ 1 ಕೂಡಿಸಿ.

"ಶುರುವಾಗುವ ದಿನ ಇಂದಿಗಿಂತ ಹಿಂದಿರಬಾರದು" ಎಂಬ ನಿಯಮ ತುಂಬ ಜನ ಹಾಕುತ್ತಾರೆ. ಅರ್ಜಿ ಹಾಕುವ ದಿನ ಅದು ಸರಿ. ಮ್ಯಾನೇಜರ್ ನಾಲ್ಕು ದಿನ ಬಿಟ್ಟು ಒಪ್ಪಿಗೆ ಕೊಡಲು ಅದೇ ಫಾರ್ಮ್ ತೆರೆದರೆ? ಅಷ್ಟರಲ್ಲಿ ಆ ದಿನ ಕಳೆದಿರುತ್ತದೆ, ಫಾರ್ಮ್ ಸೇವ್ ಆಗುವುದಿಲ್ಲ. ಒಂದು ದಿನ ಸರಿಯಿದ್ದ ರೆಕಾರ್ಡ್ ಮರುದಿನ ತಾನಾಗಿಯೇ ತಪ್ಪಾಗುವಂತೆ ಮಾಡುವ ನಿಯಮ ಇದು. "ಇಂದು" ಎಂಬುದನ್ನು ಬಳಸುವ ಯಾವ ನಿಯಮವನ್ನಾದರೂ ಹೊಸ ರೆಕಾರ್ಡ್‌ಗೆ ಮಾತ್ರ, ಅಥವಾ ಆ ದಿನಾಂಕ ಬದಲಾದಾಗ ಮಾತ್ರ ಹಚ್ಚಿ. ಫಾರ್ಮ್‌ನ ಮೋಡ್ ಹೊಸದೋ ಎಡಿಟ್ಟೋ ಎಂದು ಪವರ್ ಆ್ಯಪ್ಸ್‌ನಲ್ಲಿ ನೋಡಬಹುದು. ಕಾಯಿಲೆ ರಜೆಯನ್ನು ವಾಪಸ್ ಬಂದ ಮೇಲೆ ಹಾಕುತ್ತಾರೆ ಎಂಬುದನ್ನೂ ಮರೆಯಬೇಡಿ.

ವಯಸ್ಸು ನೋಡುವಾಗ ದಿನಗಳನ್ನು 365ರಿಂದ ಭಾಗಿಸಬೇಡಿ. ಮಧ್ಯೆ ಬರುವ ಅಧಿಕ ದಿನಗಳಿಂದಾಗಿ 18 ವರ್ಷ ತುಂಬಲು ಇನ್ನೂ ನಾಲ್ಕೈದು ದಿನ ಇರುವವರನ್ನು ತುಂಬಿದೆ ಎಂದು ಲೆಕ್ಕ ಹಾಕುತ್ತದೆ. ಹುಟ್ಟಿದ ದಿನಕ್ಕೆ ಡೇಟ್‌ಆ್ಯಡ್ ಮೂಲಕ 18 ವರ್ಷ ಕೂಡಿಸಿ, ಬಂದ ದಿನ ಇಂದು ಅಥವಾ ಇಂದಿಗಿಂತ ಹಿಂದೆ ಇದೆಯೇ ನೋಡಿ. ಫೆಬ್ರವರಿ 29ರಂದು ಹುಟ್ಟಿದವರಿಗೆ ಉಳಿದ ವರ್ಷಗಳಲ್ಲಿ 28 ಎಣಿಸಬೇಕೋ ಮಾರ್ಚ್ 1 ಎಣಿಸಬೇಕೋ ಎಂಬುದನ್ನು ಆ್ಯಪ್‌ನ ಪಾಲಿಗೆ ಬಿಡದೆ ಸಂಸ್ಥೆಯಲ್ಲಿ ಕೇಳಿ ನಿರ್ಧರಿಸಿ.

ನನಗೆ ಮುಖ್ಯವೆನಿಸುವ ಇನ್ನೊಂದು ಮಾತು: ಅಸಾಧ್ಯವಾದುದನ್ನು ತಡೆಯಿರಿ, ಅಪರೂಪವಾದುದನ್ನು ಕೇಳಿ. ಮುಂದಿನ ವರ್ಷ ಹುಟ್ಟಿದ ನೌಕರರು ಇರಲು ಸಾಧ್ಯವಿಲ್ಲ, ತಡೆಯಿರಿ. 90 ದಿನದ ರಜೆ ಅಪರೂಪ, ಆದರೆ ಹೆರಿಗೆ ರಜೆ ಇನ್ನೂ ಉದ್ದ ಇರಬಹುದು. ಅಲ್ಲಿ ಹಳದಿ ಬಣ್ಣದಲ್ಲಿ "ಒಟ್ಟು 90 ದಿನ ಆಗುತ್ತಿದೆ, ಸರಿಯೇ?" ಎಂದು ತೋರಿಸಿ ಮುಂದೆ ಹೋಗಲು ಬಿಡಿ. ಎಲ್ಲವನ್ನೂ ತಡೆಯುವ ಆ್ಯಪ್‌ನಲ್ಲಿ ಜನ ಹೇಗಾದರೂ ಮುಂದೆ ಹೋಗಲು ಯಾವುದೋ ಒಂದು ದಿನಾಂಕ ಹಾಕುತ್ತಾರೆ. ಆಗ ನಿಮ್ಮ ನಿಯಮವೇ ಸುಳ್ಳು ಡೇಟಾ ಹುಟ್ಟಿಸಿದಂತಾಗುತ್ತದೆ.

ಸಂದೇಶಗಳ ಬಗ್ಗೆ ಸಂಕ್ಷಿಪ್ತವಾಗಿ: "ಅಮಾನ್ಯ ದಿನಾಂಕ" ಎಂದು ಬರೆದರೆ ಯಾರಿಗೂ ಸಹಾಯವಿಲ್ಲ. "ಏಪ್ರಿಲ್‌ನಲ್ಲಿ 30 ದಿನ ಮಾತ್ರ ಇವೆ" ಎಂದು ಆ ಫೀಲ್ಡ್‌ನ ಕೆಳಗೇ ತೋರಿಸಿ. ಟೈಪ್ ಮಾಡಿದ್ದನ್ನು ಅಳಿಸಬೇಡಿ. ಅರ್ಧ ಟೈಪ್ ಮಾಡುವಾಗಲೇ ಕೆಂಪು ಅಕ್ಷರ ಬರದಿರಲಿ, ಫೀಲ್ಡ್ ಬಿಟ್ಟು ಹೊರಗೆ ಹೋದ ಮೇಲೆ ಬರಲಿ. ಸಬ್‌ಮಿಟ್ ಬಟನ್ ಮಂಕಾಗಿಸಿ ಸುಮ್ಮನಿರುವುದು ನನಗೆ ಇಷ್ಟವಿಲ್ಲ. ಒತ್ತಲು ಬಿಡಿ, ಒತ್ತಿದಾಗ ಏನು ಬಾಕಿ ಎಂದು ಹೇಳಿ.

ಒಂದು ದಿನ ಹಿಂದೆ ಸರಿಯುವುದೇಕೆ

ಇದು ಬಳಕೆದಾರರ ತಪ್ಪಲ್ಲ, ಟೈಮ್ ಝೋನ್‌ನ ಕೆಲಸ. ಹುಟ್ಟಿದ ದಿನ ಅಥವಾ ರಜೆಯ ದಿನಕ್ಕೆ ಗಂಟೆ ನಿಮಿಷ ಇಲ್ಲ. ಆದರೆ ಆ ಕಾಲಂ ದಿನಾಂಕ ಮತ್ತು ಸಮಯ ಎರಡನ್ನೂ ಇಡುವಂಥದ್ದಾಗಿದ್ದರೆ ಬರೀ ದಿನಾಂಕ ಮಧ್ಯರಾತ್ರಿ 12 ಗಂಟೆ ಎಂದು ಉಳಿಯುತ್ತದೆ. ಅದನ್ನು ಯುಟಿಸಿ ಎಂಬ ಜಾಗತಿಕ ಮೂಲ ಸಮಯಕ್ಕೆ ಬದಲಾಯಿಸಿ ಇಡುತ್ತಾರೆ. ಯುಟಿಸಿಗಿಂತ ಮುಂದಿರುವ ಜಾಗದಲ್ಲಿ ಮಾರ್ಚ್ 5ರ ಮಧ್ಯರಾತ್ರಿ ಎಂದರೆ ಯುಟಿಸಿಯಲ್ಲಿ ಇನ್ನೂ ಮಾರ್ಚ್ 4. ಅದನ್ನು ಮತ್ತೆ ಸರಿಯಾಗಿ ತಿರುಗಿಸದೆ ಓದಿದ ಯಾರಿಗಾದರೂ ಒಂದು ದಿನ ಕಳೆದುಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇದರ ತಿರುಗಾಮುರುಗಾ ರೂಪ ಇದೆ. 2024-03-05 ಎಂಬ ಬರಹವನ್ನು ಅದು ಯುಟಿಸಿ ಮಧ್ಯರಾತ್ರಿ ಎಂದು ಓದುತ್ತದೆ, ಹಾಗಾಗಿ ಯುಟಿಸಿಗಿಂತ ಹಿಂದಿರುವ ಜಾಗಗಳಲ್ಲಿ ಮಾರ್ಚ್ 4 ಕಾಣುತ್ತದೆ.

ಶೇರ್‌ಪಾಯಿಂಟ್‌ನಲ್ಲಿ ಆ ಕಾಲಂ ಅನ್ನು ದಿನಾಂಕ ಮಾತ್ರ ಎಂದು ಇಡಿ, ಜೊತೆಗೆ ಸೈಟ್‌ನ ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಝೋನ್ ನಿಮ್ಮದೇ ಇದೆಯೇ ನೋಡಿ. ಇದನ್ನು ಯಾರೂ ನೋಡಿರುವುದಿಲ್ಲ, ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ. ಮುಂದೆ ಡೇಟಾವರ್ಸ್‌ಗೆ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸೇವೆಗೆ) ಹೋದರೆ ಅಲ್ಲಿ ಮೂರು ಆಯ್ಕೆ ಸಿಗುತ್ತವೆ: ಯೂಸರ್ ಲೋಕಲ್, ಡೇಟ್ ಓನ್ಲಿ, ಟೈಮ್ ಝೋನ್ ಇಂಡಿಪೆಂಡೆಂಟ್. ಹುಟ್ಟಿದ ದಿನ ಮತ್ತು ರಜೆಗೆ ಡೇಟ್ ಓನ್ಲಿ ಆರಿಸಿ. ಮೀಟಿಂಗ್‌ನ ಸಮಯದಂಥದ್ದಕ್ಕೆ ಮಾತ್ರ ಯೂಸರ್ ಲೋಕಲ್ ಬೇಕು.

"ಇಂದು" ಕೂಡ ಇದೇ ಸಾಲಿಗೆ ಸೇರುತ್ತದೆ. ಪವರ್ ಆ್ಯಪ್ಸ್‌ನ ಟುಡೇ ಫಂಕ್ಷನ್ ಬಳಕೆದಾರರ ಸ್ಥಳೀಯ ಸಮಯದ ಪ್ರಕಾರ ದಿನಾಂಕ ಕೊಡುತ್ತದೆ. ಬೇರೆ ದೇಶದಲ್ಲಿರುವ ಸಹೋದ್ಯೋಗಿಗೆ ಅದು ಬೇರೆ ದಿನ ಆಗಿರಬಹುದು. ಕೊನೆಯ ದಿನಾಂಕದಂಥ ಗಟ್ಟಿ ಗಡುವು ಇದ್ದರೆ ಶೇರ್‌ಪಾಯಿಂಟ್ ತಾನೇ ಬರೆದುಕೊಳ್ಳುವ ಕ್ರಿಯೇಟೆಡ್ ಕಾಲಂನ ಸಮಯವನ್ನೇ ನಂಬಿ. ಟೈಮ್ ಝೋನ್ ಬದಲಾಯಿಸಿದ ಸಮೋವಾದಲ್ಲಿ 2011ರ ಡಿಸೆಂಬರ್ 30 ಎಂಬ ದಿನವೇ ಬರಲಿಲ್ಲ, 29ರ ನಂತರ ನೇರ 31. ಅಂಥದ್ದಕ್ಕೆ ನೀವು ಫಾರ್ಮುಲಾ ಬರೆಯಬೇಕಿಲ್ಲ. ಆದರೆ ಸಮಯದ ಲೆಕ್ಕವನ್ನು ಕೈಯಲ್ಲಿ ಗಂಟೆ ಕೂಡಿಸಿ ಕಳೆದು ಮಾಡಬಾರದು ಎನ್ನುವುದಕ್ಕೆ ಅದೊಂದು ಸಾಕ್ಷಿ.

ಆ್ಯಪ್‌ನ ಹೊರಗಿನ ಬಾಗಿಲುಗಳು

ನೀವು ಫಾರ್ಮ್‌ನಲ್ಲಿ ಹಾಕಿದ ಎಲ್ಲ ಚೆಕ್ ಫಾರ್ಮ್‌ಗೆ ಮಾತ್ರ. ಯಾರೋ ಲಿಸ್ಟ್ ಅನ್ನೇ ತೆರೆದು ಗ್ರಿಡ್‌ನಲ್ಲಿ ತಿದ್ದಿದರೆ, ಅಥವಾ ಒಂದು ಫ್ಲೋ (ತಾನಾಗಿ ನಡೆಯುವ ಕೆಲಸದ ಸರಣಿ) ಎಕ್ಸೆಲ್‌ನಿಂದ ತುಂಬಿದರೆ, ಆ ಚೆಕ್‌ಗಳು ಯಾವುವೂ ನಡೆಯುವುದಿಲ್ಲ. ಶೇರ್‌ಪಾಯಿಂಟ್‌ನ ಲಿಸ್ಟ್ ಸೆಟ್ಟಿಂಗ್ಸ್‌ನಲ್ಲಿ ವ್ಯಾಲಿಡೇಷನ್ ಸೆಟ್ಟಿಂಗ್ಸ್ ಎಂಬ ಜಾಗ ಇದೆ. ಮುಗಿಯುವ ದಿನ ಶುರುವಿಗಿಂತ ಹಿಂದಿರಬಾರದು ಎಂಬ ನಿಯಮವನ್ನು ಅಲ್ಲೂ ಬರೆಯಿರಿ. ಒಂದು ಕಾಲಂನ ವ್ಯಾಲಿಡೇಷನ್‌ನಲ್ಲಿ ಇನ್ನೊಂದು ಕಾಲಂನ ಹೆಸರು ಬಳಸಲು ಬರುವುದಿಲ್ಲ, ಅದಕ್ಕೇ ಎರಡು ದಿನಾಂಕಗಳ ಹೋಲಿಕೆ ಲಿಸ್ಟ್ ಮಟ್ಟದಲ್ಲೇ ಆಗಬೇಕು. "ಇಂದು" ಇರುವ ನಿಯಮವನ್ನು ಮಾತ್ರ ಅಲ್ಲಿ ಹಾಕಬೇಡಿ, ಕಾರಣ ಮೇಲೆ ಹೇಳಿದ್ದೇನೆ.

ಆ್ಯಪ್‌ಶೀಟ್, ಸೇಲ್ಸ್‌ಫೋರ್ಸ್ ಥರದ ಬೇರೆ ಆ್ಯಪ್ ಕಟ್ಟುವ ಉಪಕರಣಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಆ್ಯಪ್‌ಶೀಟ್‌ನ ವ್ಯಾಲಿಡ್ ಇಫ್ ಜಾಗದಲ್ಲಿ ಫಾರ್ಮುಲಾ ನಿಜ ಎಂದರೆ ದಿನಾಂಕ ಸರಿ ಎಂದರ್ಥ. ಸೇಲ್ಸ್‌ಫೋರ್ಸ್‌ನ ವ್ಯಾಲಿಡೇಷನ್ ರೂಲ್‌ನಲ್ಲಿ ಫಾರ್ಮುಲಾ ನಿಜ ಎಂದರೆ ತಪ್ಪು ಎಂದರ್ಥ, ಎರರ್ ತೋರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಫಾರ್ಮುಲಾ ಹಾಗೇ ಹೊತ್ತು ತಂದರೆ ಸರಿಯಾದ ದಿನಾಂಕಗಳೆಲ್ಲ ನಿಂತು, ತಪ್ಪಾದವು ಮಾತ್ರ ಒಳಗೆ ಹೋಗುತ್ತವೆ.

ಟೆಸ್ಟ್ ಮಾಡಲು ಇವನ್ನು ಇಟ್ಟುಕೊಳ್ಳಿ: 29/02/2024 ಒಪ್ಪಬೇಕು, 29/02/2023 ಒಪ್ಪಬಾರದು. 29/02/2000 ಇದೆ, 29/02/1900 ಇಲ್ಲ. ಎಕ್ಸೆಲ್ ಮಾತ್ರ ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟ್ ಜೊತೆ ಹೊಂದಿಕೊಳ್ಳಲು 1900ರ ಫೆಬ್ರವರಿ 29 ಇದೆ ಎಂದೇ ಇಂದಿಗೂ ಎಣಿಸುತ್ತದೆ. ಜೊತೆಗೆ 31/04, ವರ್ಷ 24, ವರ್ಷ 202, ಖಾಲಿ, ಹಿಂದೆ ಮುಂದೆ ಸ್ಪೇಸ್ ಇರುವುದು, ಡಿಸೆಂಬರ್ 31ರಿಂದ ಜನವರಿ 1ರವರೆಗಿನ ರಜೆ. ಇಷ್ಟನ್ನೂ ಎರಡು ಸಲ ಮಾಡಿ. ಎರಡನೇ ಸಲ ಬ್ರೌಸರ್‌ನ ಭಾಷೆಯನ್ನು ಅಮೆರಿಕನ್ ಇಂಗ್ಲಿಷ್‌ಗೆ ಬದಲಾಯಿಸಿಕೊಂಡು ಮಾಡಿ.

ಈಗಾಗಲೇ ಕೆಟ್ಟಿರುವ ಸಾಲುಗಳು

ನೀವು ಕೇಳಿಲ್ಲ, ಆದರೆ ಇದನ್ನು ಬಿಟ್ಟರೆ ಉತ್ತರ ಅರ್ಧವೇ. ಟೈಪ್ ಮಾಡಿದ ಮೂಲ ಅಕ್ಷರಗಳು ನಿಮ್ಮ ಲಿಸ್ಟ್‌ನಲ್ಲಿ ಉಳಿದಿಲ್ಲ, ಬದಲಾದ ದಿನಾಂಕ ಮಾತ್ರ ಇದೆ. ಅದರಿಂದಲೂ ಸ್ವಲ್ಪ ಹೇಳಬಹುದು. ದಾಖಲಾದ ದಿನ 13 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿರುಗಿರಲು ಸಾಧ್ಯವಿಲ್ಲ, ಅವನ್ನು ಪಕ್ಕಕ್ಕಿಡಿ. ದಿನವೂ ತಿಂಗಳೂ ಒಂದೇ ಇರುವವನ್ನೂ ಬಿಡಿ. ಉಳಿದವು ಅನುಮಾನದವು. ಅವುಗಳಲ್ಲಿ ಕ್ರಿಯೇಟೆಡ್ ಕಾಲಂ ಜೊತೆ ಹೋಲಿಸಿ. ಫೆಬ್ರವರಿ ಕೊನೆಯಲ್ಲಿ ಹಾಕಿದ ಅರ್ಜಿ ಮೇ 3ರ ರಜೆಗೆ ಎಂದಿದ್ದು, ತಿರುಗಿಸಿದರೆ ಮಾರ್ಚ್ 5 ಆಗುವುದಾದರೆ ಅದು ತಿರುಗಿರುವ ಸಂಭವ ಜಾಸ್ತಿ. ಮುಗಿಯುವ ದಿನ ಶುರುವಿಗಿಂತ ಹಿಂದಿರುವ ಅಥವಾ ತಿಂಗಳುಗಟ್ಟಲೆ ದೂರವಿರುವ ಸಾಲುಗಳನ್ನೂ ಈ ಗುಂಪಿಗೆ ಸೇರಿಸಿ, ಅವುಗಳಲ್ಲಿ ಎರಡರಲ್ಲೊಂದು ಮಾತ್ರ ತಿರುಗಿರಬಹುದು.

ಸಂಭವ ಎಷ್ಟೇ ಇದ್ದರೂ ನೀವೇ ಊಹಿಸಿ ತಿದ್ದಬೇಡಿ. ತಿದ್ದಿದ ದಿನಕ್ಕೆ ಹೊಸ ಕಾಲಂ ಮಾಡಿ, ಹಳೆಯದನ್ನು ಮುಟ್ಟಬೇಡಿ. ಅರ್ಜಿ ಹಾಕಿದವರಿಗೆ "ಮಂಗಳವಾರ 5 ಮಾರ್ಚ್ ಅಥವಾ ಶುಕ್ರವಾರ 3 ಮೇ, ಯಾವುದು?" ಎಂದು ಎರಡನ್ನೂ ತೋರಿಸಿ ಕೇಳಿ. ಹುಟ್ಟಿದ ದಿನಗಳಿಗೆ ಕ್ರಿಯೇಟೆಡ್ ಕಾಲಂನಿಂದ ಯಾವ ಸುಳಿವೂ ಸಿಗುವುದಿಲ್ಲ. ಹಾಗಾಗಿ ಅನುಮಾನದ ಗುಂಪಿನಲ್ಲಿರುವ ಪ್ರತಿಯೊಬ್ಬರಿಂದಲೂ ಹೊಸ ಮೂರು ಬಾಕ್ಸ್‌ಗಳ ಫಾರ್ಮ್‌ನಲ್ಲಿ ಮತ್ತೊಮ್ಮೆ ತುಂಬಿಸಿಕೊಳ್ಳಿ.